ಮಳೆಗೆ ಮೊದಲೇ ಮಸೀದಿಯಲ್ಲಿ ಒಂದು ಪಟ್ಟಿ ಇರಲಿ

ವಿಪತ್ತು ಬಂದಾಗ ನಮ್ಮ ಜನ ಕೈಕಟ್ಟಿ ಕೂರುವವರಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದಾಗ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣಿನಡಿ ಸೇರಿದಾಗ, ನೆರವಿಗೆ ಓಡಿದವರಲ್ಲಿ ನಮ್ಮ ಯುವಕರೂ ಇದ್ದರು. 2019ರಲ್ಲಿ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಜರಿದಾಗ ಹತ್ತಿರದ ಪೋತುಕಲ್ಲಿನ ಮಸೀದಿಯವರು ಮೃತದೇಹಗಳ ಮರಣೋತ್ತರ ಪರೀಕ್ಷೆಗೆ ತಮ್ಮ ನಮಾಝಿನ ಜಾಗವನ್ನೇ ಬಿಟ್ಟುಕೊಟ್ಟರು. ಆ ದೇಹ ಯಾವ ಧರ್ಮದವರದ್ದು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಮೆಚ್ಚಿಕೊಂಡೇ ಒಂದು ಮಾತು ಹೇಳಬೇಕಾಗಿದೆ. ನಮ್ಮ ಸೇವೆ ಅನ್ನದ ಪೊಟ್ಟಣದಿಂದ ಆರಂಭವಾಗಿ ಬಟ್ಟೆಯ ಮೂಟೆಯಲ್ಲಿ ಮುಗಿದುಬಿಡುತ್ತದೆ. ನೀರು ಇಳಿದ ಮೇಲೆ ನಾವು ಮನೆಗೆ ಹೋಗುತ್ತೇವೆ. ಆದರೆ ಕಾಯಿಲೆ ಮನೆಗೆ ಬರುವುದೇ ನೀರು ಇಳಿದ ಮೇಲೆ. ವಾಂತಿಭೇದಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳಬಹುದು, ಇಲಿಜ್ವರ ಒಂದೆರಡು ವಾರದಲ್ಲಿ, ಡೆಂಗಿ ಅದರ ಬೆನ್ನಿಗೆ, ಕಾಮಾಲೆ ತಿಂಗಳ ನಂತರ. ಅಷ್ಟರಲ್ಲಿ ಪತ್ರಿಕೆಗಳಲ್ಲಿ ನೆರೆಯ ಸುದ್ದಿಯೂ ಇರುವುದಿಲ್ಲ, ಸ್ವಯಂಸೇವಕರೂ ಇರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಪ್ರತಿಯೊಂದು ಜಮಾಅತ್ ಮೇ ತಿಂಗಳು ಮುಗಿಯುವ ಮೊದಲೇ ನಾಲ್ಕು ವಿಷಯಗಳನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕು. ಒಂದು ಪಟ್ಟಿ, ಒಂದು ಕಪಾಟು, ಅಳತೆ ಮಾಡಿದ ಒಂದು ಬಾವಿ ಮತ್ತು ತರಬೇತಿ ಪಡೆದ ಕೆಲವರು. ಇದಕ್ಕೆ ತಗಲುವ ಹಣ ದೊಡ್ಡದಲ್ಲ. ಬೇಕಾಗಿರುವುದು ಮನಸ್ಸು.

“ಬರುವುದು ಬಂದೇ ಬರುತ್ತದೆ” ಎನ್ನುವವರಿಗೆ

ಸಿದ್ಧತೆಯ ಮಾತೆತ್ತಿದರೆ ಎರಡು ಉತ್ತರ ಕೇಳಿಬರುತ್ತದೆ. “ಅಲ್ಲಾಹನ ವಿಧಿ, ನಾವೇನು ಮಾಡಲು ಸಾಧ್ಯ?” ಎಂಬುದು ಒಂದು. ಯೂಸುಫ್(ಅ)ರ ಕಥೆಯನ್ನು ನಾವೆಲ್ಲ ಮದ್ರಸದಲ್ಲಿ ಕಲಿತಿದ್ದೇವೆ. ಬರಗಾಲ ಬರುವುದು ಖಚಿತವೆಂದು ತಿಳಿದ ಮೇಲೆ ಅವರು ಸುಮ್ಮನೆ ಕಾಯಲಿಲ್ಲ. ಸಮೃದ್ಧಿಯ ಏಳು ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಉಳಿಸಿ ಕೂಡಿಡುವಂತೆ ಹೇಳಿದರು. ದಾಸ್ತಾನು, ಲೆಕ್ಕ, ಹಂಚಿಕೆ ಎಲ್ಲವೂ ಅದರಲ್ಲಿದೆ. ತವಕ್ಕುಲ್ ಎಂದರೆ ಕೈಯಲ್ಲಿ ಆಗುವುದನ್ನು ಮಾಡಿ ಉಳಿದದ್ದನ್ನು ಅವನಿಗೆ ಒಪ್ಪಿಸುವುದೇ ಹೊರತು ಕೆಲಸ ತಪ್ಪಿಸಿಕೊಳ್ಳುವ ನೆಪವಲ್ಲ.

ಎರಡನೆಯದು, “ಅದೆಲ್ಲ ಸರ್ಕಾರದ ಕೆಲಸ” ಎಂಬುದು. ನಿಜ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರವಿದೆ. ಅವರಿಂದ ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ನಮ್ಮ ಓಣಿಯ ಮೂರನೇ ಮನೆಯ ಅಜ್ಜಿ ಎದ್ದು ನಡೆಯಲಾರರು, ಆಚೆ ಮನೆಯ ಮಗುವಿಗೆ ಅಪಸ್ಮಾರದ ಮಾತ್ರೆ ಒಂದು ದಿನವೂ ತಪ್ಪಬಾರದು ಎಂಬುದು ತಾಲೂಕು ಕಚೇರಿಗೆ ಗೊತ್ತಿರುವುದಿಲ್ಲ. ಅದು ನೆರೆಮನೆಯವರಿಗೆ ಗೊತ್ತು. ಮೊದಲ ಕೆಲವು ಗಂಟೆಗಳಲ್ಲಿ ಜೀವ ಉಳಿಸುವವರು ಹೆಚ್ಚಾಗಿ ನೆರೆಮನೆಯವರೇ.

ಆರು ಆಧಾರಗಳು ಒಟ್ಟಿಗೆ ಅಲುಗಾಡಿದಾಗ

ನಮ್ಮ ಯುನಾನಿ ವೈದ್ಯದಲ್ಲಿ ‘ಅಸ್ಬಾಬೆ ಸಿತ್ತ ಝರೂರಿಯ’ ಎಂದು ಕಲಿಸುತ್ತಾರೆ. ಬದುಕಿಗೆ ಅನಿವಾರ್ಯವಾದ ಆರು ಆಧಾರಗಳು ಎಂದರ್ಥ. ಗಾಳಿ, ಆಹಾರ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು ಮತ್ತು ಹೊರಹೋಗಬೇಕಾದದ್ದು ಹೋಗುವುದು. ಸಾಮಾನ್ಯ ದಿನಗಳಲ್ಲಿ ಇವುಗಳಲ್ಲಿ ಒಂದೋ ಎರಡೋ ಏರುಪೇರಾಗಿ ರೋಗಿ ನಮ್ಮ ಬಳಿ ಬರುತ್ತಾರೆ. ಶಾಲೆಯ ಕೋಣೆಯಲ್ಲಿ ನಲವತ್ತು ಮಂದಿ ಮಲಗಿರುವ ಪರಿಹಾರ ಕೇಂದ್ರದಲ್ಲಿ ಆರೂ ಒಟ್ಟಿಗೆ ಏರುಪೇರಾಗುತ್ತವೆ. ಹಳೆಯ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲೆಲ್ಲಿ ಗಮನ ಕೊಡಬೇಕೆಂದು ತಾನಾಗಿ ತಿಳಿಯುತ್ತದೆ.

ನೀರಿನಿಂದಲೇ ಆರಂಭಿಸೋಣ. ನೆರೆಯ ನೀರು ಬಾವಿಗೆ ಇಳಿದರೆ ಶೌಚಗುಂಡಿಯ ಹೊಲಸೂ ಇಳಿದಂತೆ. ಅಲ್ಲಿಂದ ಹುಟ್ಟುವುದು ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ ಮತ್ತು ಎ, ಇ ಮಾದರಿಯ ಕಾಮಾಲೆ. ಇ ಮಾದರಿಯ ಕಾಮಾಲೆ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಾಂತಿಕವಾಗಬಹುದು. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ನೀರಿನ ಗುಣದೋಷಗಳಿಗೆಂದೇ ಸಾಕಷ್ಟು ಜಾಗ ಕೊಟ್ಟಿದ್ದಾರೆ, ಕೆಟ್ಟ ನೀರನ್ನು ಕುದಿಸಿ ಬಳಸುವ ಮಾತು ಅದರಲ್ಲಿದೆ. ಸಾವಿರ ವರ್ಷದ ನಂತರವೂ ಮನೆಯ ಮಟ್ಟಿಗೆ ಅದೇ ಉತ್ತಮ ದಾರಿ. ನೀರು ಗುಳ್ಳೆಯೆದ್ದು ಕುದಿಯತೊಡಗಿದ ಮೇಲೆ ಒಂದು ನಿಮಿಷ ಹಾಗೆಯೇ ಬಿಡಿ. ಆರಿದ ನೀರಿಗೆ ಲೋಟ ಅದ್ದಬೇಡಿ, ಸೌಟಿನಿಂದ ತೆಗೆಯಿರಿ.

ಇಡೀ ಮೊಹಲ್ಲಾದ ಬಾವಿಗಾದರೆ ಬ್ಲೀಚಿಂಗ್ ಪುಡಿ ಬೇಕು. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ, ನೆರೆನೀರು ಸೇರಿದ ಬಾವಿಗೆ ಅದರ ಇಮ್ಮಡಿ, 5 ಗ್ರಾಂ. ಬಾವಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯುವುದು ಸುಲಭ. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ವ್ಯಾಸ 2 ಮೀಟರ್, ನೀರು 4 ಮೀಟರ್ ಇದ್ದರೆ ಸುಮಾರು 12,500 ಲೀಟರ್. ಅಂದರೆ ನೆರೆಯ ನಂತರ 60 ಗ್ರಾಂಗೆ ತುಸು ಹೆಚ್ಚು ಪುಡಿ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮತ್ತಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ತೆರೆದಿಟ್ಟ ಪುಡಿಯ ಶಕ್ತಿ ಕುಂದುತ್ತದೆ. ಕಳೆದ ವರ್ಷದ ಉಳಿಕೆಯನ್ನು ನಂಬದೆ ಪ್ರತಿ ವರ್ಷ ಹೊಸದು ತನ್ನಿ.

ಮಸೀದಿಯ ಹೌಝಿನ ಬಗ್ಗೆ ಒಂದು ಮಾತು. ವುಝೂ ಮಾಡುವಾಗ ನಾವು ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರು ಎಳೆದುಕೊಳ್ಳುತ್ತೇವೆ. ಆದ್ದರಿಂದ ಆ ನೀರು “ಕೈಕಾಲು ತೊಳೆಯುವ ನೀರು” ಅಲ್ಲ, ಕುಡಿಯುವ ನೀರಿನಷ್ಟೇ ಶುದ್ಧವಾಗಿರಬೇಕು. ನಿಂತ ಸಿಹಿನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಸೇರುವ ಕಾಯಿಲೆ ಅಪರೂಪದ್ದಾದರೂ ನೆರೆಯ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜೀವಗಳನ್ನು ತೆಗೆದಿದೆ. ಹೌಝನ್ನು ಕಾಲಕಾಲಕ್ಕೆ ಬರಿದು ಮಾಡಿ, ಉಜ್ಜಿ, ಕ್ಲೋರಿನ್ ಹಾಕುವುದು ಮುತವಲ್ಲಿಗಳ ಜವಾಬ್ದಾರಿ. ನೀರು ತೀರಾ ಕಡಿಮೆಯಾಗಿ ಕುಡಿಯುವುದಕ್ಕೇ ಸಾಲದಿದ್ದಾಗ ತಯಮ್ಮುಮ್‌ನ ರಿಯಾಯಿತಿ ಇದೆ. ಅದನ್ನು ಜನರಿಗೆ ತಿಳಿಸಿ ಸಂಕೋಚ ಬಿಡಿಸಬೇಕಾದವರು ಇಮಾಮರು.

ಆಹಾರದಲ್ಲಿ ನಮ್ಮ ಪ್ರೀತಿಯೇ ಕೆಲವೊಮ್ಮೆ ತೊಂದರೆ ಕೊಡುತ್ತದೆ. ಬೆಳಿಗ್ಗೆ ಕಟ್ಟಿದ ಬಿರಿಯಾನಿಯ ಪೊಟ್ಟಣ ಸಂಜೆ ತಲುಪಿದರೆ ಅದು ಆಹಾರವಲ್ಲ, ಭೇದಿಗೆ ಆಹ್ವಾನ. ಬೇಯಿಸಿದ ಅನ್ನ, ಮಾಂಸ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ದೂರದಿಂದ ಬೇಯಿಸಿ ತರುವುದಕ್ಕಿಂತ ಕೇಂದ್ರದಲ್ಲೇ ಗಂಜಿ, ಕಿಚಡಿ, ಬೇಳೆ ಬೇಯಿಸಲು ಅಕ್ಕಿ, ಬೇಳೆ, ಗ್ಯಾಸ್ ಒದಗಿಸಿ. ಕೇಂದ್ರದಲ್ಲಿರುವ ಸಕ್ಕರೆ ಕಾಯಿಲೆಯವರಿಗೆ ದಿನವಿಡೀ ಬಿಸ್ಕತ್ತು, ಸಿಹಿ ಚಹಾ ಕೊಡುವುದೂ ಸೇವೆಯಲ್ಲ. ಎದೆಹಾಲು ಕುಡಿಯುವ ಕೂಸುಗಳಿಗೆ ಪುಡಿಹಾಲಿನ ಡಬ್ಬಿ ಹಂಚಬೇಡಿ. ಹೊಲಸು ನೀರಿನಲ್ಲಿ ಕಲಸಿದ ಪುಡಿಹಾಲು ಕೂಸಿಗೆ ಅಪಾಯ. ತಾಯಿಗೆ ಊಟ ಕೊಡಿ, ಮರೆಯಾದ ಒಂದು ಜಾಗ ಕೊಡಿ, ಅಷ್ಟು ಸಾಕು.

ಗಾಳಿ ಎಂದಾಗ ಕಿಕ್ಕಿರಿದ ಕೋಣೆ, ಒದ್ದೆ ಗೋಡೆ, ಸೌದೆಯ ಹೊಗೆ ನೆನಪಿರಲಿ. ಉಬ್ಬಸದವರನ್ನು, ಮಕ್ಕಳನ್ನು ಕಿಟಕಿಯ ಬಳಿ ಮಲಗಿಸಿ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಸಿಗಡಿ ಇಡುವುದು, ಮನೆಯೊಳಗೆ ಜನರೇಟರ್ ಓಡಿಸುವುದು ಎರಡೂ ಸದ್ದಿಲ್ಲದೆ ಕೊಲ್ಲುವಂಥವು. ಕೆಮ್ಮು ಜ್ವರ ಇರುವವರಿಗೆ ಬೇರೆ ಮೂಲೆ ಇರಲಿ.

ಚಲನೆ ಎಂದರೆ ಇಲ್ಲಿ ಕೆಸರಿನಲ್ಲಿ ಓಡಾಡುವ ನಮ್ಮ ಹುಡುಗರು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಚಿಕ್ಕ ಗಾಯದಿಂದ ಒಳಸೇರಿದರೆ ಇಲಿಜ್ವರ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕೆಂಪೇರಿದ ಕಣ್ಣು ಕಾಣಿಸಿಕೊಳ್ಳುತ್ತದೆ. ತಡಮಾಡಿದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ. 2018ರ ನೆರೆಯ ನಂತರ ಕೇರಳದಲ್ಲಿ ಇದು ವ್ಯಾಪಕವಾಗಿ ಹಬ್ಬಿತ್ತು. ನೀರಿನಲ್ಲಿ ಕೆಲಸ ಮಾಡಿದವರಿಗೆ ಅಲ್ಲಿನ ಆರೋಗ್ಯ ಇಲಾಖೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಟ್ಟಿತು. ಸ್ವಯಂಸೇವಕರನ್ನು ಕಳಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು ಈ ಮಾತ್ರೆಯ ಬಗ್ಗೆ ಕೇಳಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಇದು ಆಗದು, ಯಾರೂ ತಾವಾಗಿಯೇ ನುಂಗಬಾರದು. ಗಂಬೂಟು, ಕೈಗವಸು, ಧನುರ್ವಾಯು ಚುಚ್ಚುಮದ್ದು ಇಲ್ಲದೆ ಯಾರನ್ನೂ ನೀರಿಗಿಳಿಸಬೇಡಿ. ನೀರು ಇಳಿದ ಮನೆಗೆ ಹೋಗುವಾಗ ಮೊದಲು ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿದೆಯೇ ನೋಡಿ, ಕೋಲಿನಿಂದ ಮೂಲೆಗಳನ್ನು ತಟ್ಟಿ. ಹಾವುಗಳೂ ಒಣ ಜಾಗ ಹುಡುಕಿಕೊಂಡು ಒಳಗೆ ಬಂದಿರುತ್ತವೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಊದಿಸುವುದು ಯಾವುದೂ ಬೇಡ. ಕೈಕಾಲು ಅಲುಗದಂತೆ ಇಟ್ಟು 108 ಕರೆಯಿರಿ.

ನಿದ್ದೆ ಮತ್ತು ಮನಸ್ಸನ್ನು ನಾವು ಕಾಯಿಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆ ಕಳೆದುಕೊಂಡವರಿಗೆ “ಸಬ್ರ್ ಮಾಡಿ” ಎಂದು ಹೇಳಿ ಎದ್ದು ಬರುವುದು ಸುಲಭ. ಮಳೆಯ ಸದ್ದಿಗೆ ಬೆಚ್ಚುವ ಮಗು, ತಿಂಗಳಾದರೂ ಮಾತಾಡದ ಮುದುಕ, ನಿದ್ದೆಯಿಲ್ಲದ ತಾಯಿ ಈಮಾನಿನಲ್ಲಿ ಕಡಿಮೆಯಾದವರಲ್ಲ, ನೊಂದವರು. ಪಕ್ಕದಲ್ಲಿ ಕುಳಿತು ಅವರ ಮಾತು ಕೇಳಿ. ಮಕ್ಕಳಿಗೆ ಆಟ, ಮದ್ರಸದ ಪಾಠ ಬೇಗ ಶುರುವಾಗಲಿ. ವಾರಗಳು ಕಳೆದರೂ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗುವುದರಲ್ಲಿ ನಾಚಿಕೆ ಇಲ್ಲ.

ಕೊನೆಯದು ವಿಸರ್ಜನೆ. ಶೌಚಾಲಯ ಕಡಿಮೆಯಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಕತ್ತಲಾಗುವವರೆಗೆ ತಡೆದುಕೊಂಡು ಮೂತ್ರದ ಸೋಂಕು ಬರಿಸಿಕೊಳ್ಳುತ್ತಾರೆ. ಕೇಂದ್ರ ತೆರೆದ ಮೊದಲ ದಿನವೇ ಹೆಂಗಸರಿಗೆ ಬೇರೆ ಶೌಚಾಲಯ, ಒಳಗಿನಿಂದ ಚಿಲಕ, ಹೊರಗೆ ದೀಪ, ಸ್ಯಾನಿಟರಿ ಪ್ಯಾಡ್ ಮತ್ತು ಅದನ್ನು ಹಾಕಲು ಮುಚ್ಚಳದ ಡಬ್ಬಿ ಇರಬೇಕು. ಈ ವಿಷಯ ಕಮಿಟಿಯ ಸಭೆಯಲ್ಲಿ ಏಳುವುದೇ ಇಲ್ಲ, ಏಕೆಂದರೆ ಆ ಸಭೆಯಲ್ಲಿ ಹೆಂಗಸರೇ ಇರುವುದಿಲ್ಲ. ವಿಪತ್ತಿನ ಸಮಿತಿಯಲ್ಲಾದರೂ ಅರ್ಧದಷ್ಟು ಹೆಂಗಸರಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಆಶಾ ಕಾರ್ಯಕರ್ತೆಯರು, ನರ್ಸ್ ಓದಿದ ಹೆಣ್ಣುಮಕ್ಕಳು, ಶಿಕ್ಷಕಿಯರು ನಮ್ಮ ಮೊಹಲ್ಲಾಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಅವರನ್ನು ಅಡುಗೆ ಬಡಿಸುವುದಕ್ಕೆ ಮಾತ್ರ ಕರೆಯುವುದು ನಮ್ಮದೇ ನಷ್ಟ.

ಯುನಾನಿಯ ಮಿತಿಯನ್ನೂ ಹೇಳಬೇಕು

ನಾನು ಯುನಾನಿ ಪದವೀಧರ, ಅದರಲ್ಲೇ ನನ್ನ ಅನ್ನ. ಅದಕ್ಕೇ ಈ ಮಾತು ನನ್ನ ಬಾಯಿಂದ ಬರುವುದು ಒಳ್ಳೆಯದು. ನೆಗಡಿ ಕೆಮ್ಮಿಗೆ ಜೋಶಾಂದ, ದಣಿದವರಿಗೆ ಹಗುರ ಆಹಾರದ ಸಲಹೆ, ನಿದ್ದೆ ಆಹಾರ ವಿಶ್ರಾಂತಿಯ ಶಿಸ್ತು ಇವೆಲ್ಲ ನಮ್ಮ ಪದ್ಧತಿ ಚೆನ್ನಾಗಿ ಕೊಡಬಲ್ಲದು. ಆದರೆ ಇಲಿಜ್ವರಕ್ಕೆ, ಕಾಲರಾಕ್ಕೆ, ಹಾವಿನ ವಿಷಕ್ಕೆ ಕಷಾಯ ಕುಡಿಸುತ್ತ ಕೂರುವುದು ರೋಗಿಯ ಜೀವದ ಜೊತೆ ಆಡುವ ಆಟ. ಇನ್ಸುಲಿನ್ ಸಿಗಲಿಲ್ಲವೆಂದು ಕಹಿ ಚೂರ್ಣ ತಿನ್ನಿಸುವವರನ್ನು ನಂಬಬೇಡಿ, ಅವರು ಹಕೀಮರೆಂದು ಹೇಳಿಕೊಂಡರೂ ಸರಿಯೇ.

ಭೇದಿಯಾದಾಗ ಮೊದಲ ಮದ್ದು ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿಯಾಗಿ ಹಾಕಿ, ಅರ್ಧರ್ಧ ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಮಕ್ಕಳಿಗೆ ಇದರ ಜೊತೆ 14 ದಿನ ಝಿಂಕ್ ಮಾತ್ರೆ: ಆರು ತಿಂಗಳು ದಾಟಿದವರಿಗೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಡೆಂಗಿಯ ಸಂಶಯವಿರುವ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ನೆರೆ ಇಳಿದ ಮೇಲೆ ಟೈರು, ಡಬ್ಬ, ಚಿಪ್ಪುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಸೊಳ್ಳೆ ಬೆಳೆಯಲು ಅವಕಾಶವೇ ಸಿಗದು.

ಮಯ್ಯಿತ್‌ಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ನೆರೆ, ಭೂಕುಸಿತದಲ್ಲಿ ತೀರಿಹೋದವರ ದೇಹದಿಂದ ಸಾಂಕ್ರಾಮಿಕ ರೋಗ ಹಬ್ಬುತ್ತದೆ ಎಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆದ್ದರಿಂದ ಗುರುತು ಹಿಡಿಯದೆ, ಅವಸರದಲ್ಲಿ, ಒಂದೇ ಗುಂಡಿಯಲ್ಲಿ ಮುಚ್ಚಬೇಕಾಗಿಲ್ಲ. ಕೈಗವಸು ತೊಟ್ಟು, ನಂತರ ಸಾಬೂನಿನಿಂದ ಕೈತೊಳೆದು, ಗೌರವದಿಂದ ದಫನ್ ಮಾಡಬಹುದು. ಬೇರೆ ಧರ್ಮದವರ ದೇಹವಾದರೆ ಅವರ ಮನೆಯವರು ಬರುವವರೆಗೆ ಜೋಪಾನ ಮಾಡುವುದೂ ನಮ್ಮ ಮೇಲಿನ ಹಕ್ಕೇ.

ಹಾಗಾದರೆ ಏನು ಮಾಡಬೇಕು?

ಪಟ್ಟಿ: ಮೊಹಲ್ಲಾದ ಪ್ರತಿ ಮನೆಯಲ್ಲಿ, ನಮ್ಮವರು ಪರರು ಎನ್ನದೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಗರ್ಭಿಣಿ, ಹೆರಿಗೆ ಯಾವಾಗ, ಯಾರಿಗೆ ಇನ್ಸುಲಿನ್, ಡಯಾಲಿಸಿಸ್, ಟಿ.ಬಿ. ಅಥವಾ ಅಪಸ್ಮಾರದ ಮಾತ್ರೆ ಬೇಕು ಎಂದು ಬರೆದುಕೊಳ್ಳಿ. ಅವರನ್ನು ಕರೆದೊಯ್ಯಲು ಯಾರು ಹೋಗಬೇಕು ಎಂಬ ಹೆಸರೂ ಎದುರಿಗೆ ಇರಲಿ. ಈ ಪಟ್ಟಿ ಗೋಡೆಗೆ ಅಂಟಿಸುವಂಥದ್ದಲ್ಲ. ಒಬ್ಬರ ಕಾಯಿಲೆ ಅವರ ಅಮಾನತ್. ಇಬ್ಬರ ಕೈಯಲ್ಲಿ ಮಾತ್ರ ಇರಲಿ.

ಕಪಾಟು: ಓಆರ್‌ಎಸ್, ಝಿಂಕ್, ಪ್ಯಾರಾಸಿಟಮಾಲ್, ಗಾಯದ ಪಟ್ಟಿ, ಕ್ಲೋರಿನ್ ಮಾತ್ರೆ, ಹೊಸ ಬ್ಲೀಚಿಂಗ್ ಪುಡಿ, ಕೈಗವಸು, ಗಂಬೂಟು, ಹಗ್ಗ, ಟಾರ್ಚು, ಪ್ಯಾಡ್. ಔಷಧಿಯ ಅವಧಿ ಮುಗಿಯುವ ದಿನವನ್ನು ಪ್ರತಿ ವರ್ಷ ನೋಡಿ ಬದಲಿಸುವವರು ಒಬ್ಬರಿರಬೇಕು. ಒಂದು ದೇಗು ಬಿರಿಯಾನಿಗಾಗುವ ಖರ್ಚಿನಲ್ಲಿ ಇದರ ಬಹುಪಾಲು ಬರುತ್ತದೆ.

ಜನ: ಸರ್ಕಾರದ ‘ಆಪದಾ ಮಿತ್ರ’ ಯೋಜನೆಯಡಿ ಸ್ವಯಂಸೇವಕರಿಗೆ ತರಬೇತಿ ನೀಡಲಾಗುತ್ತದೆ. ಜಿಲ್ಲಾಡಳಿತವನ್ನು ಕೇಳಿ ನಮ್ಮ ಹುಡುಗ ಹುಡುಗಿಯರನ್ನು ಕಳಿಸಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ರಾಜ್ಯದ 1070, ತುರ್ತಿಗೆ 112, ಆಂಬುಲೆನ್ಸಿಗೆ 108 ಈ ನಾಲ್ಕು ಸಂಖ್ಯೆಗಳು ಮಸೀದಿಯ ಸೂಚನಾ ಫಲಕದಲ್ಲಿ ವರ್ಷವಿಡೀ ಇರಲಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ 24 ಗಂಟೆಯಲ್ಲಿ 204 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳಬಹುದು ಎಂದರ್ಥ. ಆಗ ಹೊಳೆಯಂಚಿನ, ಗುಡ್ಡದಡಿಯ ಮನೆಯವರಿಗೆ ಧ್ವನಿವರ್ಧಕದಲ್ಲಿ ತಿಳಿಸುವುದೂ ಮಸೀದಿ ಮಾಡಬಹುದಾದ ಸೇವೆ.

ಮನೆಯೊಳಗೆ ನೀವೂ ಒಂದು ಚೀಲ ಸಿದ್ಧಮಾಡಿ. ಒಂದು ವಾರದ ಮಾತ್ರೆ, ಔಷಧಿ ಚೀಟಿಯ ಪ್ರತಿ, ಆಧಾರ್ ಮತ್ತು ರೇಷನ್ ಕಾರ್ಡ್, ಮಕ್ಕಳ ಲಸಿಕೆಯ ಕಾರ್ಡ್, ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಬಾಗಿಲ ಬಳಿ ಇಡಿ. ಇನ್ಸುಲಿನ್ ಇರುವವರು ಫ್ರಿಜ್ ಇಲ್ಲದಾಗ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಕುಡಿಕೆಯಲ್ಲಿ, ನೀರು ತಾಗದಂತೆ ಇಟ್ಟುಕೊಳ್ಳಬಹುದು.

ಮುಂದಿನ ಜುಮಾದ ನಮಾಝಿನ ನಂತರ ನಿಮ್ಮ ಮಸೀದಿಯ ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ಕಂಡು ಒಂದೇ ಪ್ರಶ್ನೆ ಕೇಳಿ: “ನಮ್ಮ ಮೊಹಲ್ಲಾದಲ್ಲಿ ಎದ್ದು ನಡೆಯಲಾಗದವರು ಎಷ್ಟು ಮಂದಿ, ನಮ್ಮಲ್ಲಿ ಪಟ್ಟಿ ಇದೆಯೇ?” ಇಲ್ಲವೆಂದರೆ ದೂರಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಓಣಿಯಿಂದ ನೀವೇ ಬರೆಯಲು ತೊಡಗಿ. ಹೆಂಗಸರು ಒಳಮನೆಯವರೆಗೆ ಹೋಗಿ ಕೇಳಬಲ್ಲರು, ಅವರನ್ನೂ ಜೊತೆಗೆ ಕರೆದುಕೊಳ್ಳಿ. ಮಳೆ ಶುರುವಾಗುವ ಮೊದಲು ಆ ಪುಸ್ತಕ ತುಂಬಿರಲಿ.